ಗಂಟಲಿನ ವಿದ್ಯೆ

ಬಿಸಿಲು ಅಂಗಳಕ್ಕಿಳಿದು ಎಮ್ಮೆಯ ಬೆನ್ನೇರಿ ಕೂತರೂ ಕಾಶಿರಾಮನಿಗೆ ಎಚ್ಚರವಾಗಿರಲಿಲ್ಲ. ತಪ್ಪು ಅವನದಲ್ಲ. ದಿನಾಲೂ ಅವನನ್ನು ಎಬ್ಬಿಸುತ್ತಿದ್ದದ್ದು ಮಗ ಶಿವರಾಜನ ಓದು. ಆ ದಿನ ಆ ಓದು ಕೇಳಲಿಲ್ಲ.

ಗಡಬಡಿಸಿ ಎದ್ದು ಕಟ್ಟೆಗೆ ಬಂದು ನೋಡುತ್ತಾನೆ, ಹುಡುಗ ಅಲ್ಲೇ ಕೂತಿದ್ದಾನೆ. ತೊಡೆಯ ಮೇಲೆ ಪುಸ್ತಕವಿದೆ. ಕಣ್ಣು ಪುಸ್ತಕದ ಮೇಲಿದೆ. ಬಾಯಿ ಮಾತ್ರ ಸಂತೆ ಮುಗಿದ ಮೇಲಿನ ಅಂಗಡಿಯ ಹಾಗೆ ಮುಚ್ಚಿಕೊಂಡಿದೆ.

"ಏನ್ ಮಾಡಾಕತ್ತೀಯೋ?"

"ಓದಾಕತ್ತೀನಪ್ಪಾ."

"ಎಲ್ಲಿ? ನನಗ ಏನೂ ಕೇಳಸವಲ್ದಲ್ಲ."

"ಮನಸಿನ್ಯಾಗ ಓದಾಕತ್ತೀನಿ. ಹೊಸಾ ಮಾಸ್ತರ್ ಸಾಬ್ ಹೇಳ್ಯಾರ. ತುಟಿ ಸುದ್ದಾ ಅಳ್ಳಾಡಬಾರದಂತ. ಅಳ್ಳಾಡಿದ್ರ ಛಡಿ ಏಟು."

ಕಾಶಿರಾಮನ ಪಿತ್ತ ನೆತ್ತಿಗೇರಿತು. ಮನಸ್ಸಿನಲ್ಲಿ ಓದುವುದಂತೆ! ಮನಸ್ಸಿನಲ್ಲಿ ನೇಗಿಲು ಹೊಡೆದರೆ ಹೊಲ ಹಸನಾಗುತ್ತದೆಯೇ? ಮನಸ್ಸಿನಲ್ಲಿ ಎಮ್ಮೆ ಹಿಂಡಿದರೆ ಚರಿಗೆ ತುಂಬುತ್ತದೆಯೇ? ಹುಡುಗ ಒಳಗೊಳಗೇ ಪಾಠ ಓದುತ್ತಿದ್ದಾನೋ ಪೇರಲಹಣ್ಣು ತಿನ್ನುತ್ತಿದ್ದಾನೋ, ಇದನ್ನು ಹೆತ್ತ ಅಪ್ಪ ಯಾರ ಹತ್ತಿರ ಹೋಗಿ ವಿಚಾರಿಸಬೇಕು?

ನಾರಾಯಣಪುರದಲ್ಲಿ ಆಗ ಓದು ಎಂದರೆ ಕೇಳಿಸುವಂಥದ್ದು. ನಿಜಾಮರ ಸರಕಾರದ ಶಾಲೆ, ಪಾಠವೆಲ್ಲ ಉರ್ದು. ಊರಿನ ಅಪ್ಪಂದಿರಿಗೆ ಬಾಯಿಮಾತಿನ ಉರ್ದು ಅಷ್ಟಿಷ್ಟು ಬರುತ್ತಿತ್ತು, ಬರೆದ ಉರ್ದು ಬರುತ್ತಿರಲಿಲ್ಲ. ಕಾಶಿರಾಮನ ಕಣ್ಣಿಗಂತೂ ಆ ಅಕ್ಷರಗಳು ಬೆಲ್ಲದ ಗಡಿಗೆಯಿಂದ ಹೊರಬಿದ್ದ ಇರುವೆಗಳ ಹಾಗೆ ಕಾಣುತ್ತಿದ್ದವು. ಕಣ್ಣಿಗೆ ದಕ್ಕದ ವಿದ್ಯೆಯನ್ನು ಊರು ಕಿವಿಯಿಂದ ಅಳೆಯುತ್ತಿತ್ತು. ಯಾರ ಮಗನ ದನಿ ಬಾವಿಯವರೆಗೆ ಮುಟ್ಟುತ್ತದೋ ಅವನು ಪಾಸಾಗುವವನು. ಗುಡಿಯವರೆಗೆ ಮುಟ್ಟಿದರೆ ಮುನ್ಷಿಯಾಗುವವನು. ಶಿವರಾಜನ ದನಿಯೋ, ಶಿವನ ಗುಡಿಯ ಪಾರಿವಾಳಗಳನ್ನೆಲ್ಲ ಎಬ್ಬಿಸಿ, ಅದರಾಚೆಯ ದನ ಮೇಯುವ ಬಯಲಿಗೆ ಹೋಗಿ ಬೀಳುತ್ತಿತ್ತು. ಆ ದನಿಯನ್ನು ಬೆಳೆಸಿದವನು ಕಾಶಿರಾಮನೇ. ಮಗ ಶಾಲೆಗೆ ಸೇರಿದ ದಿನದಿಂದ ಅವನ ಬೆನ್ನ ಹಿಂದೆ ನಿಂತು "ಒದರು, ಇನ್ನಾ ಒದರು" ಎನ್ನುತ್ತ ಬಂದಿದ್ದ. ದನಿ ಇಳಿದರೆ ಬಾರಕೋಲು ಏರುತ್ತಿತ್ತು.

ಮನೆಯ ನಡುವೆ ಎಳೆದ ಮಣ್ಣಿನ ಗೋಡೆಯ ಆಚೆ ತಮ್ಮ ಲಾಲಪ್ಪನ ಸಂಸಾರ. ಅವನ ಮಗ ಪಂಡರಿಯ ಓದು ಅವನ ಮೂಗಿನ ತುದಿಯನ್ನೂ ದಾಟುತ್ತಿರಲಿಲ್ಲ. "ಲಾಲ್ಯಾ, ನಿನ್ನ ಮಗಗ ಎರಡ ರೊಟ್ಟಿ ಹೆಚ್ಚಿಗಿ ಹಾಕಸೋ. ದನಿಯರೆ ಬಂದೀತು" ಎಂದು ಕಾಶಿರಾಮ ಗೋಡೆಯ ಮೇಲಿಂದ ಆಗಾಗ ಹೇಳುತ್ತಿದ್ದ. ಲಾಲಪ್ಪ ನಕ್ಕುಬಿಡುತ್ತಿದ್ದ. ಬಡವನ ನಗೆ ಎಂದು ಕಾಶಿರಾಮ ತಿಳಿದಿದ್ದ.

ಇರಲಿ. ಇದೆಲ್ಲ ಬೇರೆ ದಿನವಾಗಿದ್ದರೆ ಸಹಿಸಬಹುದಿತ್ತು. ಆದರೆ ಅಂದು ಗುರುವಾರ. ಅಣ್ಣತಮ್ಮಂದಿರಿಬ್ಬರೂ ಒಂದೇ ಮನೆಯ ಅಕ್ಕತಂಗಿಯರನ್ನು ಮದುವೆಯಾಗಿದ್ದರು. ಆ ಹೆಣ್ಣುಮಕ್ಕಳ ತಮ್ಮ ತುಳಜಾರಾಮ ಹುಮನಾಬಾದಿನ ಮೋಟಾರು ಅಡ್ಡಾದಲ್ಲಿ ಟಿಕೀಟು ಹರಿಯುವ ನೌಕರ. ಅವನಿಗೆ ಮಕ್ಕಳಿರಲಿಲ್ಲ. ಅಕ್ಕಂದಿರ ಮಕ್ಕಳಲ್ಲಿ ಒಬ್ಬನನ್ನು ಒಯ್ದು, ಹುಮನಾಬಾದಿನ ದೊಡ್ಡ ಶಾಲೆಗೆ ಹಾಕಿ, ಮುಂದೆ ನೌಕರಿಗೂ ಹಚ್ಚುವುದಾಗಿ ಹೇಳಿದ್ದ. ಒಬ್ಬನನ್ನು ಮಾತ್ರ. "ಗುರುವಾರ ಬರ್ತೀನಿ, ಹುಡುಗುರು ಹ್ಯಾಂಗ ಓದ್ತಾರ ನೋಡ್ತೀನಿ" ಎಂದು ಹೇಳಿ ಕಳಿಸಿದ್ದ. ಮಗ ತನ್ನ ಹಾಗೆ ಎಮ್ಮೆಯ ಬಾಲ ಹಿಡಿದು ಮುದುಕನಾಗಬಾರದು ಎಂಬುದೊಂದೇ ಕಾಶಿರಾಮನ ಆಸೆ.

ಯಾರನ್ನು ಒಯ್ಯುತ್ತಾನೆ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಹೋದ ಸಲ ಬಂದಾಗ ಶಿವರಾಜ ಓದಲು ಶುರುಮಾಡಿದ ಕೂಡಲೇ ತುಳಜಾರಾಮ ಎದ್ದು ಹೊಲದ ಕಡೆ ನಡೆದುಬಿಟ್ಟಿದ್ದ. "ಅಳಿಯನ ಓದು ಕೇಳಿ ಕಣ್ಣಾಗ ನೀರು ಬಂದುವು, ಪಾಪ. ಮಂದಿ ಮುಂದ ಹ್ಯಾಂಗ ಒರಸಿಕೋಬೇಕು?" ಎಂದು ಕಾಶಿರಾಮ ಓಣಿಗೆಲ್ಲ ಹೇಳಿಕೊಂಡು ತಿರುಗಿದ್ದ. ಈಗ ನೋಡಿದರೆ, ಬರುವ ದಿನವೇ ಹುಡುಗನ ಬಾಯಿಗೆ ಬೀಗ!

ಅಷ್ಟರಲ್ಲಿ ಎದುರುಮನೆಯ ಗಂಗುಬಾಯಿ ಬಿಂದಿಗೆಯೊಂದಿಗೆ ಹಾಜರಾದಳು. ಹಿಂದೆಯೇ ಅವಳ ಗಂಡ, ತಲೆಯ ಮೇಲೆ ಬದನೆಕಾಯಿ ಬುಟ್ಟಿ, ಕಲ್ಯಾಣಿ ಬಜಾರಕ್ಕೆ ಹೊರಟವನು.

"ಕಾಶಿರಾಮಾ, ಏನಾತೋ? ನಿನ್ನ ಮಗನ ದನಿ ಕೇಳಿದ ಮ್ಯಾಲ ನಾ ಒಲಿ ಹಚ್ಚಾಕಿ. ಇವತ್ತ ದನೀನೂ ಇಲ್ಲ, ಒಲೀನೂ ಇಲ್ಲ. ಇವರು ಬರೇ ಹೊಟ್ಟೀಲೇ ಹೊಂಟಾರ ನೋಡು."

"ಏನಿಲ್ಲ ಗಂಗವ್ವಾ. ಮನಸಿನ್ಯಾಗ ಓದಾಕತ್ತಾನಂತ. ಮಾಸ್ತರಂದು ಹೊಸಾ ಕಾಯ್ದಾ."

"ಅಯ್ಯ, ಮಾಸ್ತರ ಹೆಸರು ಯಾಕ ತಗೀತಿ? ಹುಡುಗನ ಮಾರಿ ನೋಡಿಲ್ಲಿ, ಹ್ಯಾಂಗ ಇಳದದ. ಕಿರುನಾಲಿಗಿ ಬಿದ್ದದ ಇದಕ್ಕ!"

"ಮನಸಿನ್ಯಾಗ ಓದಾಕತ್ತಾನಂತ!" ಎಂದು ಅವಳ ಗಂಡ ಬುಟ್ಟಿಯ ಕೆಳಗಿನಿಂದ ಹೇಳಿ ನೋಡಿದ. ಹೊಸ ತಿಂಡಿಯ ರುಚಿ ನೋಡುವವರ ಹಾಗಿತ್ತು ಅವನ ಮುಖ.

"ಕಾಕಾ, ನಿಮಗ ಕೈ ಮುಗೀತೀನಿ. ಬಜಾರದಾಗ ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ. ತುಳಜಾರಾಮ ಅಲ್ಲೇ ಮೋಟಾರ ಇಳೀತಾನ."

"ಛೇ ಛೇ, ನಾ ಯಾರಿಗಿ ಹೇಳ್ಲಿ?" ಎಂದು ಆತ ಬಿರಬಿರನೆ ಹೊರಟ. ಅಂಥ ಅವಸರ ಬದನೆಕಾಯಿಗೆ ಬೇಕಿರಲಿಲ್ಲ.

ಗಂಗುಬಾಯಿ ಒಳಗೆ ನುಗ್ಗಿ ಕಾಶಿರಾಮನ ಹೆಂಡತಿ ಸುಂದರಬಾಯಿಯಿಂದ ಉಪ್ಪು, ಮೆಣಸಿನ ಪುಡಿ ಇಸಿದುಕೊಂಡು ಹೆಬ್ಬೆರಳಿಗೆ ಮೆತ್ತಿಕೊಂಡಳು. "ಬಾಯಿ ತೆಗಿ ಮಗಾ." ಹುಡುಗ ತೆಗೆಯಲಿಲ್ಲ. ಕಾಶಿರಾಮ ಮೂಗು ಹಿಡಿದ. ಬಾಯಿ ತೆರೆಯಿತು. ಆ ಹೆಬ್ಬೆರಳು ಗಂಟಲಿನ ತಳಕ್ಕಿಳಿದು ಕಿರುನಾಲಿಗೆಯನ್ನು ಹುಡುಕಿ ಎತ್ತಿತು. ಹುಡುಗನ ಕಣ್ಣಿನಿಂದ, ಮೂಗಿನಿಂದ ನೀರಿಳಿಯಿತು. ದನಿ ಬರಲಿಲ್ಲ.

ಸದ್ದು ಕೇಳಿ ಬಂದ ಸರ್ದಾರಬಿ, ಓಣಿಯ ಮಕ್ಕಳಿಗೆಲ್ಲ ಮಂತ್ರಿಸಿ ಊದುವ ಮುದುಕಿ, ತಲೆ ಅಲ್ಲಾಡಿಸಿದಳು. "ಹಂಗ ಎತ್ತಿದ್ರ ಬರೂದಿಲ್ಲ ಗಂಗೂ. ನೆತ್ತೀಲಿಂದ ಎತ್ತಬೇಕು." ಹಾಗೆಂದವಳೇ ಶಿವರಾಜನ ನಡುನೆತ್ತಿಯ ಕೂದಲನ್ನು ಬೆರಳಿಗೆ ಸುತ್ತಿಕೊಂಡು, ಬಾವಿಯಿಂದ ಕೊಡ ಸೇದುವ ಹಾಗೆ ಜಗ್ಗಿದಳು.

"ಯವ್ವೋ, ಸತ್ತೇ!"

ಕಾಶಿರಾಮ ಕುಣಿದುಬಿಟ್ಟ. "ಬಂತು! ಬಂತು ನೋಡ್ರಿ ದನಿ! ಖಾಲಾ, ನಿನ್ನ ಕೈ ಬಂಗಾರ. ಓದ್ ಮಗಾ, ಹಂಗೇ ಓದು!"

ಹುಡುಗ ಓದಲಿಲ್ಲ. ಪುಸ್ತಕ ಕಂಕುಳಿಗೆ ಹಾಕಿಕೊಂಡು ಶಾಲೆಯ ಕಡೆ ಓಟ ಕಿತ್ತ. ಛಡಿ ಇದ್ದರೂ ಚಿಂತೆಯಿಲ್ಲ, ಅಲ್ಲಿ ನೆತ್ತಿಯನ್ನಾದರೂ ಜಗ್ಗುವುದಿಲ್ಲವಲ್ಲ.

ಕಾಶಿರಾಮ ರುಮಾಲು ಸುತ್ತಿಕೊಂಡು ಬೆನ್ನು ಹತ್ತಿದ. ಚಾವಡಿಯಲ್ಲಿ ನಡೆಯುತ್ತಿದ್ದ ಶಾಲೆ ಮೊದಲೆಲ್ಲ ಮೂರು ಓಣಿಯಾಚೆಗೂ ಕೇಳಿಸುತ್ತಿತ್ತು. ಈಗ ನೋಡಿದರೆ ಮಕ್ಕಳೆಲ್ಲ ತಲೆ ಬಗ್ಗಿಸಿ ಕೂತಿವೆ, ಒಂದು ನೊಣ ಹಾರಿದರೂ ತಿಳಿಯುತ್ತದೆ.

"ಮಾಸ್ತರ್ ಸಾಬ್, ಇದು ಸಾಲಿಯೋ, ಸತ್ತವರ ಮನಿಯೋ?"

ಮೊಹಿನುದ್ದೀನ್ ಮಾಸ್ತರರು ಹೊಸಬರು, ಮೆತ್ತಗೆ ಮಾತಾಡುವವರು. "ಬರ್ರಿ ಕಾಶಿರಾಮ. ಆವಾಜ್ ಸಣ್ಣ ಮಾಡ್ರಿ, ಬಚ್ಚಾಗೋಳು ಓದಾಕತ್ತಾವ."

"ಓದಾಕತ್ತಾವಂತ ನಿಮಗ ಹ್ಯಾಂಗ ಗೊತ್ತು?"

"ಆಮೇಲೆ ಕೇಳ್ತೀನಲ್ಲ. ನಿಮ್ಮ ಮಗಗ ಮೊನ್ನೆ ಊಂಟಿನ ಪಾಠ ಕೇಳಿದೆ. ಚಾವಡಿ ಬೀಳೂವಂಗ ಒದರಿದ. ಊಂಟಿಗಿ ಕಾಲೆಷ್ಟೋ ಅಂದೆ. ಖಾಮೋಷ್, ಬಾಯೇ ಬಿಡ್ಲಿಲ್ಲ."

"ಅದರಾಗೇನದ? ಆ ಪಾಠ ನನಗೂ ಬರ್ತದ!" ಎಂದ ಕಾಶಿರಾಮ, ಮಗನ ಹಾಗೆಯೇ ಮುಂದಕ್ಕೂ ಹಿಂದಕ್ಕೂ ತೂಗುತ್ತ, ಅದೇ ಏರಿಳಿತದಲ್ಲಿ ಶುರುಮಾಡಿಯೇಬಿಟ್ಟ. "ಊಂಟ್ ಬಡಾ ಜಾನ್ವರ್ ಹೈ! ಊಂಟ್ ರೇತ್ ಮೇ ಚಲ್ತಾ ಹೈ! ಊಂಟ್ ಕಾಂಟೇ ಖಾತಾ ಹೈ!" ವರ್ಷವಿಡೀ ಮಗನ ಬೆನ್ನ ಹಿಂದೆ ನಿಂತು ಕೇಳಿದ ಪಾಠ. ದೊಡ್ಡ ಪ್ರಾಣಿಯಾದ ಒಂಟೆ ಮರಳಿನಲ್ಲಿ ನಡೆದು, ಮುಳ್ಳು ತಿಂದು, ನೀರು ಕುಡಿದು ಪಾಠ ಮುಗಿಯುವ ತನಕ ಒಂದೇ ಉಸಿರು. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕವು.

"ಶಾಬಾಸ್. ಈಗ ಹೇಳ್ರಿ, ಊಂಟಿಗಿ ಕಾಲೆಷ್ಟು?"

ಕಾಶಿರಾಮ ಊಂಟನ್ನು ಎಂದೂ ಕಂಡವನಲ್ಲ. "ಅದು ಪಾಠದಾಗ ಇಲ್ರಿ" ಎಂದ.

"ನೋಡ್ರಿ. ಗಂಟಲು ಓದ್ಯಾದ, ತಲಿ ಓದಿಲ್ಲ. ಇದರಾಗ ಬಚ್ಚಾಂದೇನೂ ಕಸೂರಿಲ್ಲ. ಮನ್ಯಾಗ ಅಪ್ಪ ಹ್ಯಾಂಗ ಕಲಸ್ತಾನೋ ಹಂಗ ಕಲೀತದ. ದಿನಾ ಸಂಜೀಕ ಬಾಜೂಕ ಸುಮ್ಮನ ಕೂಡ್ರಿ. ಏನ್ ಓದಿದಿ ಅಂತ ಕೇಳ್ರಿ. ಬಾರಕೋಲು ಎತ್ತಿಗಿ ಇರ್ಲಿ."

ಕಾಶಿರಾಮನ ಕಿವಿ ಕೆಂಪಾದವು. ತಪ್ಪು ತನ್ನದಂತೆ! ಹೊಲ ಬಿಟ್ಟು, ಎಮ್ಮೆ ಬಿಟ್ಟು, ನಸುಕಿನಿಂದ ಮಗನ ಬೆನ್ನ ಹಿಂದೆ ನಿಂತವನು ತಾನು. ಊರಿನಲ್ಲಿ ಬೇರೆ ಯಾವ ಅಪ್ಪ ನಿಂತಿದ್ದಾನೆ? ಲಾಲಪ್ಪ ನಿಂತಿದ್ದಾನೆಯೇ? ನಿನ್ನೆ ಮೊನ್ನೆ ಬಂದ ಮಾಸ್ತರ, ಗಡ್ಡಕ್ಕೆ ಇನ್ನೂ ಒಂದು ಬಿಳಿಯ ಎಳೆ ಬಂದಿಲ್ಲ, ತನಗೇ ಪಾಠ ಹೇಳುತ್ತಾನೆ!

"ನಿಮ್ಮ ಸಾಲಿ ನಿಮಗೇ ಇರ್ಲಿ. ಇವತ್ತ ಇವನ ಮಾಮಾ ಬರಾವ. ಛುಟ್ಟಿ ಕೊಡ್ರಿ" ಎಂದು ಮಗನ ರಟ್ಟೆ ಹಿಡಿದು ನಡೆಸಿಕೊಂಡು ಹೊರಟೇಬಿಟ್ಟ.

ಮನೆಗಲ್ಲ, ಹೊಲಕ್ಕೆ. ಜೋಳ ತೆನೆ ಬಿಟ್ಟಿತ್ತು. ಹಕ್ಕಿ ಕಾಯುವುದಕ್ಕೆ ನಡುಹೊಲದಲ್ಲಿ ಅಟ್ಟ ಕಟ್ಟಿದ್ದರು. ಮಗನನ್ನು ಅದರ ಮೇಲೆ ಹತ್ತಿಸಿದ. "ಇಲ್ಲಿ ಮಾಸ್ತರೂ ಇಲ್ಲ, ಛಡೀನೂ ಇಲ್ಲ. ಒದರು. ಗಂಟಲು ಬಿಚ್ಚತನ ಒದರು."

ಶಿವರಾಜ ಒಂದು ಸಲ ಅಪ್ಪನ ಕೈಯ ಬಾರಕೋಲು ನೋಡಿದ, ಒದರಿದ. ಮೆಣಸು ಮೆತ್ತಿದ ಗಂಟಲಿನಿಂದ ಊಂಟು ಹೊರಟಿತು. ತೆನೆಗೆ ಕೂತಿದ್ದ ಹಕ್ಕಿಗಳು ಹಿಂಡುಹಿಂಡಾಗಿ ಎದ್ದು ಪಕ್ಕದ ಹೊಲಕ್ಕೆ ಹೋಗಿ ಕೂತವು. ಪಕ್ಕದ ಹೊಲದ ಲಾಲ್ ಅಹ್ಮದ್ ಕವಣೆ ಬೀಸುತ್ತ ಬದುವಿಗೆ ಓಡಿಬಂದ.

"ಏ ಕಾಶಿರಾಮ ಭಾಯಿ! ನಿನ್ನ ಮಗನ್ನ ಓದಸ್ತಿಯೋ, ನನ್ನ ಬೆಳಿ ತಿನಸ್ತಿಯೋ?"

"ವಿದ್ಯಾ ಭಾಯಿ, ವಿದ್ಯಾ! ನಿನಗ ಹ್ಯಾಂಗ ತಿಳೀಬೇಕು?"

"ನನಗ ತಿಳಿಯೂದಿಲ್ಲ, ಖರೆ. ಹಕ್ಕೀಗಿ ತಿಳದದ ನೋಡು, ನಿನ್ನ ಹೊಲದಾಗ ಒಂದೂ ನಿಂದ್ರವಲ್ದು!"

ಹೊತ್ತು ನೆತ್ತಿಯಿಂದ ಇಳಿಯುವ ತನಕ ಓದು ನಡೆಯಿತು. ಆಮೇಲೆ ಊಂಟು ಮೆಲ್ಲಗೆ ಕುಂಟತೊಡಗಿತು. ಮುಳ್ಳು ತಿನ್ನುವ ಹೊತ್ತಿಗೆ ಕೂತೇಬಿಟ್ಟಿತು. ಶಿವರಾಜ ಬಾಯಿ ತೆರೆದರೆ ಎಣ್ಣೆ ಕಾಣದ ರಾಟೆಯ ಕಿರ್ರೆಂಬ ಸದ್ದು. ಬೆಳಿಗ್ಗೆ ಮುಚ್ಚಿದ್ದು ಬಾಯಿ. ಈಗ ಹೋದದ್ದು ನಿಜವಾಗಿಯೂ ದನಿ.

ಮನೆಗೆ ಬಂದಾಗ ಸುಂದರಬಾಯಿ ಮಗನನ್ನು ನೋಡಿ ಎದೆ ಬಡಿದುಕೊಂಡಳು. "ಏನ್ ಮಾಡ್ಕೊಂಡು ಬಂದ್ರಿ ನನ್ನ ಕೂಸಿಗಿ? ಅಂವಗ ಉಗುಳು ಸುದ್ದಾ ನುಂಗಾಕ ಬರವಲ್ದು!"

"ನಾ ಏನ್ ಮಾಡ್ದೆ? ಎಲ್ಲಾ ಆ ಮಾಸ್ತರಂದು!"

ಆಗಲೇ ಓಣಿಯ ಹುಡುಗರು ಓಡಿಬಂದರು. "ಹುಮನಾಬಾದ ಮಾಮಾ ಬಂದ! ಊರ ಅಗಸಿ ದಾಟ್ಯಾನ!"

ಕಾಶಿರಾಮನ ಕೈಕಾಲು ಆಡಲಿಲ್ಲ. ಆಮೇಲೆ ಒಮ್ಮೆಲೇ ಆಡತೊಡಗಿದವು. ಮಗನನ್ನು ಕಟ್ಟೆಯ ಮೇಲೆ ಕೂರಿಸಿ ತೊಡೆಗೆ ಪುಸ್ತಕ ಇಟ್ಟ. "ನೀ ಬರೇ ತುಟಿ ಅಳ್ಳಾಡಸು. ಮುಂದಿನದು ನಾ ನೋಡಿಕೋತೀನಿ." ಒಳಗೆ ಹೋಗಿ ಬಾಗಿಲ ಸಂದಿಗೆ ನಿಂತ. ಸಾಲದೆನಿಸಿತು. ಮೂಲೆಯಲ್ಲಿ ಜೋಳ ತುಂಬಿಡುವ ಎದೆಯೆತ್ತರದ ಗುಮ್ಮಿ ಖಾಲಿ ನಿಂತಿತ್ತು. ಅದರೊಳಗೆ ತಲೆ ತೂರಿಸಿ, ಮೂಗು ಹಿಡಿದುಕೊಂಡು, ಹುಡುಗನ ದನಿ ಮಾಡಿ ಶುರುಹಚ್ಚಿದ. "ಊಂಟ್ ಬಡಾ ಜಾನ್ವರ್ ಹೈ!"

ಗುಮ್ಮಿ ಆ ದನಿಯನ್ನು ನುಂಗಿ ಹತ್ತುಪಾಲು ಮಾಡಿ ಉಗುಳಿತು. ಮಾಳಿಗೆಯ ಮಣ್ಣು ಉದುರಿತು. ಕೊಟ್ಟಿಗೆಯಲ್ಲಿ ಎಮ್ಮೆ ಹಗ್ಗ ಜಗ್ಗಿತು. ಕಾಶಿರಾಮನಿಗೆ ಖುಷಿಯೋ ಖುಷಿ. ಮಗನೇ ಎಂದೂ ಇಷ್ಟು ಚೆಂದ ಓದಿರಲಿಲ್ಲ.

ತುಳಜಾರಾಮ ಅಂಗಳಕ್ಕೆ ಬಂದ. ಖಾಕಿ ಕೋಟು, ಕೈಯಲ್ಲಿ ಒಂದು ಹೊಸ ಟೊಪ್ಪಿಗೆ. ಶಿವರಾಜ ಅಪ್ಪ ಹೇಳಿದಂತೆ ತುಟಿ ಆಡಿಸುತ್ತಿದ್ದ. ಆದರೆ ಹಿರಿಯರು ಬಂದರೆ ಎದ್ದು ಕಾಲು ಮುಟ್ಟಬೇಕೆಂದೂ ಅದೇ ಅಪ್ಪ ಕಲಿಸಿದ್ದ. ಹುಡುಗ ಪುಸ್ತಕ ಮುಚ್ಚಿ, ಬಾಯಿಯನ್ನೂ ಮುಚ್ಚಿ, ಎದ್ದು ಮಾಮನ ಕಾಲು ಮುಟ್ಟಿದ.

ಒಳಗೆ ಊಂಟು ಮರಳಿನಲ್ಲಿ ನಡೆಯುತ್ತಲೇ ಇತ್ತು.

ಸುಂದರಬಾಯಿ ಕೆಮ್ಮಿದಳು. ತಂಬಿಗೆ ಬೀಳಿಸಿದಳು. ಗುಮ್ಮಿಯೊಳಗಿನ ಕಿವಿಗೆ ಅದೆಲ್ಲ ಎಲ್ಲಿ ಕೇಳಬೇಕು? ತುಳಜಾರಾಮ ಒಳಗೆ ಹೋಗಿ ನೋಡಿದ. ಭಾವನ ಅರ್ಧ ಮೈ ಹೊರಗಿತ್ತು. ಮೆಲ್ಲಗೆ ಭುಜ ತಟ್ಟಿದ. ಕಾಶಿರಾಮ ತಲೆ ಹೊರಗೆ ತೆಗೆದಾಗ ಮೀಸೆಯ ತುಂಬ ಹೊಟ್ಟು.

"ಭಾವಾರ, ಇದೇನ್ರಿ ಇದು?"

"ಓದು... ನಮ್ಮ ಶಿವರಾಜನ ಓದು ಹಿಂಗೇ ಇರ್ತದ ನೋಡು. ನಾ ಬರೇ ಸ್ಯಾಂಪಲ್ ತೋರಿಸಿದೆ."

ತುಳಜಾರಾಮ ಹೊರಗೆ ಬಂದು ಕಟ್ಟೆಯ ಮೇಲೆ ಕುಸಿದು ಕೂತ. "ಭಾವಾರ, ನಂದೇನ್ ಕೆಲಸ? ಮೋಟಾರ ಅಡ್ಡಾದಾಗ ನಿಂದ್ರೂದು. ಗುಲ್ಬರ್ಗಾ ಮೋಟಾರ ಬರ್ತದ, ಪೋಂ. ಬೀದರ ಮೋಟಾರ ಬರ್ತದ, ಪೋಂ. ಲಡಾಯಿ ಅಂತ ಪೆಟ್ರೋಲ್ ಇಲ್ಲ, ಇದ್ದಲಿ ಮ್ಯಾಲ ಓಡಸ್ತಾರ. ಅದು ಓಡೂದ್ಕಿಂತ ಕೆಮ್ಮೂದೇ ಹೆಚ್ಚು. ಸಂಜೀಕ ಮನಿಗಿ ಹೋದ್ರ ನನಗ ಸಪ್ಪಳ ಇರಬಾರದು. ಬಾಜೂ ಖೋಲ್ಯಾಗ ಮನಿ ಮಾಲಕ. ನಮ್ಮ ಮನ್ಯಾಗ ಲೋಟ ಬಿದ್ರ ಅಂವ ಗ್ವಾಡಿ ಬಡೀತಾನ. ಹೋದ ಸಲ ಇವನ ಓದು ಕೇಳಿ ತಲಿ ಸಿಡದು ಹೊಲಕ್ಕ ಓಡಿದ್ದೆ, ನೆನಪದ ಏನು?"

ಕಾಶಿರಾಮ ಮೀಸೆಯ ಹೊಟ್ಟು ಕೊಡವಿದ.

"ಇವತ್ತ ಕಲ್ಯಾಣಿ ಬಜಾರದಾಗ ಗಂಗವ್ವನ ಗಂಡ ಸಿಕ್ಕ. ಶಿವರಾಜ ಮನಸಿನ್ಯಾಗ ಓದಾಕತ್ತಾನ, ಮನಿ ತಣ್ಣಗ ಆಗ್ಯಾದ ಅಂದ. ಎಷ್ಟು ಖುಷಿ ಆತು ನನಗ! ದೊಡ್ಡಕ್ಕನ ಮಗ, ಒಯ್ದ್ರ ಅವನ್ನೇ ಒಯ್ಯಬೇಕಂತ ಈ ಟೊಪಗಿ ಖರೀದಿ ಮಾಡ್ದೆ. ಅಗಸಿ ದಾಟೂದಕ್ಕೂ ಆ ದನಿ ಕೇಳೂದಕ್ಕೂ ಸರಿಹೋತು."

"ಅಯ್ಯೋ, ಅದು ನಾನೋ! ಅಂವಗ ದನೀನೇ ಇಲ್ಲ! ಕೇಳ್ ಬೇಕಾದ್ರ. ಶಿವರಾಜಾ, ಒದರೋ ಒಮ್ಮೆ!"

ಶಿವರಾಜ ಬಾಯಿ ತೆರೆದ. "ಕಿರ್ರ್" ಎಂದಿತು.

"ಇವತ್ತ ಇಲ್ಲ, ನಾಳಿ ಬರ್ತದಲ್ರಿ. ಅಪ್ಪಂದೇ ಹಿಂಗಿದ್ರ, ಮಗಂದು ಎಷ್ಟು ದಿನ ಸುಮ್ಮ ಕೂತೀತು?"

ತುಳಜಾರಾಮ ಎದ್ದು ಗೋಡೆಯಾಚೆ ಹೋದ. ಅಲ್ಲಿ ಪಂಡರಿ ಕಂಬಕ್ಕೊರಗಿ ಓದುತ್ತಿದ್ದ. ಮಾಮ ಬಂದು ನಿಂತದ್ದೂ ಅವನಿಗೆ ಗೊತ್ತಾಗಲಿಲ್ಲ. ಏನು ಓದಿದೆ ಎಂದು ಕೇಳಿದರೆ, ಪಾಠದ ಕತೆಯನ್ನೆಲ್ಲ ಕನ್ನಡದಲ್ಲಿ ನಗುನಗುತ್ತ ಹೇಳಿದ.

"ಇಷ್ಟ ಗದ್ದಲದಾಗ ಹ್ಯಾಂಗ ಓದ್ತೀಯೋ?"

"ನನಗ ರೂಢಿ ಆಗ್ಯಾದ ಮಾಮಾ. ದೊಡ್ಡಪ್ಪ ಶಿವರಾಜಗ ಒದರಸ್ತಾನಲ್ಲ, ನನ್ನ ದನಿ ನನಗೇ ಕೇಳಸೂದಿಲ್ಲ. ಅದಕ್ಕ ಮೊದಲಿಂದ ಮನಸಿನ್ಯಾಗೇ ಓದ್ತೀನಿ."

ಹೊತ್ತು ಮುಳುಗುವ ಮೊದಲು ಪಂಡರಿಯ ಗಂಟು ಕಟ್ಟಿದ್ದಾಯಿತು. ಹೊಸ ಟೊಪ್ಪಿಗೆ ಅವನ ತಲೆಗೆ ತುಸು ದೊಡ್ಡದಾಗಿ ಕಿವಿಯ ಮೇಲೆ ನಿಂತಿತು. ಇಡೀ ಓಣಿ ಕಳಿಸಲು ಬಂತು. ಗಂಗುಬಾಯಿ ಕಣ್ಣೊರೆಸಿಕೊಂಡಳು, ಸರ್ದಾರಬಿ ಹುಡುಗನ ನೆತ್ತಿಯನ್ನು, ಈ ಸಲ ಮೆತ್ತಗೆ, ಸವರಿದಳು. ಕಾಶಿರಾಮ ಎಮ್ಮೆಯ ಕಡೆ ಮುಖ ಮಾಡಿ ನಿಂತಿದ್ದ. ಮಾಸ್ತರ, ಬದನೆಕಾಯಿ, ಹುಮನಾಬಾದಿನ ಮೋಟಾರುಗಳು, ಮನೆಯ ಮಾಲಕ, ಎಲ್ಲರ ಮೇಲೂ ಅವನಿಗೆ ಒಟ್ಟಿಗೇ ಸಿಟ್ಟು ಬಂದು, ಯಾರನ್ನು ಮೊದಲು ಬಯ್ಯಬೇಕೆಂದು ತಿಳಿಯದೆ ಎಮ್ಮೆಯ ಹಗ್ಗವನ್ನೇ ಬಿಗಿಯುತ್ತಿದ್ದ.

ಆಗ ಲಾಲಪ್ಪ ಗುಂಪು ಬಿಟ್ಟು ಬಂದು ಅಣ್ಣನ ಕಾಲಿಗೆ ಬಿದ್ದ. ನಗೆಯಿಲ್ಲ, ಕುಹಕವಿಲ್ಲ. ಕಣ್ಣಿನ ತುಂಬ ನಿಜವಾದ ನೀರು.

"ಅಣ್ಣಾ, ಇದೆಲ್ಲಾ ನಿನ್ನ ಪುಣ್ಯ. ನೀ ದಿನಾ ಹಂಗ ಬಾರಕೋಲು ಹಿಡದು ಒದರಸಲಿಲ್ಲಂದ್ರ ನನ್ನ ಮಗ ಎಲ್ಲಿ ಇಷ್ಟು ಚಂದ ಓದೂದು ಕಲೀತಿದ್ದ? ನಾ ಹೆತ್ತೆ, ಓದಿಸಿದಾವ ನೀನು."

"ಖರೆ, ಖರೆ" ಎಂದಿತು ಓಣಿ.

ಕಾಶಿರಾಮನ ಬಲಗೈ ತಾನಾಗಿಯೇ ಮೇಲೆದ್ದಿತು. ಎದ್ದದ್ದು ಯಾತಕ್ಕೆಂದು ಅವನಿಗೂ ಗೊತ್ತು, ಸುಂದರಬಾಯಿಗೂ ಗೊತ್ತು. ಆದರೆ ಇಷ್ಟು ಜನ ನೋಡುತ್ತಿರುವಾಗ ಮೇಲೆದ್ದ ಕೈಗೆ ಉಳಿದ ದಾರಿ ಒಂದೇ. ಅದು ತಮ್ಮನ ತಲೆಯ ಮೇಲೆ ಇಳಿಯಿತು, ಆಶೀರ್ವಾದಕ್ಕಿಂತ ತುಸು ಜೋರಾಗಿ.